ಆಪ್‌ಆಂಪ್ ಕರೆಂಟ್ ಸೆನ್ಸಿಂಗ್ ತಪ್ಪು ತೋರಿಸುತ್ತಿದೆಯೇ? ದೋಷ ಎಲ್ಲಿದೆ ಎಂದು ಹುಡುಕುವ ದಾರಿ

ಶಂಟ್ (ಕರೆಂಟ್ ಅಳೆಯಲು ಅದರ ದಾರಿಯಲ್ಲಿ ಹಾಕುವ ತೀರಾ ಸಣ್ಣ ರೆಸಿಸ್ಟರ್) ಇದೆ, ಅದರ ಮೇಲಿನ ವೋಲ್ಟೇಜ್ ಹಿಗ್ಗಿಸುವ ಆಪ್‌ಆಂಪ್ ಇದೆ, ಎಷ್ಟು ಪಟ್ಟು ಹಿಗ್ಗಬೇಕು ಅನ್ನುವ ಗೇನ್ ಲೆಕ್ಕವೂ ಸರಿ ಇದೆ. ಆದರೂ ರೀಡಿಂಗ್ ಮೀಟರ್ ಜೊತೆ ತಾಳೆಯಾಗುತ್ತಿಲ್ಲ. ಇಂಥ ಹೊತ್ತಲ್ಲಿ ಎರಡು ಕೆಲಸ ಮಾಡಲು ಕೈ ತುಡಿಯುತ್ತದೆ. ಒಂದು, ಆಪ್‌ಆಂಪ್ ಕಿತ್ತು ಬೇರೆಯದು ಹಾಕುವುದು. ಇನ್ನೊಂದು, ಸಾಫ್ಟ್‌ವೇರ್‌ನಲ್ಲಿ 0.94 ಅಂತ ಒಂದು ಗುಣಕ ಸೇರಿಸಿ ಸರಿಮಾಡಿಬಿಡುವುದು. ಎರಡೂ ಈಗಲೇ ಬೇಡ.

ತಪ್ಪು ಎಷ್ಟಿದೆ ಅನ್ನುವುದಕ್ಕಿಂತ ಅದು ಹೇಗೆ ಬದಲಾಗುತ್ತದೆ ಅನ್ನುವುದು ಮುಖ್ಯ. ಕರೆಂಟ್ ಸೊನ್ನೆ ಇದ್ದಾಗಲೂ ಅಷ್ಟೇ ತಪ್ಪಿದೆಯಾ? ಕರೆಂಟ್ ಏರಿದಂತೆ ತಪ್ಪೂ ಏರುತ್ತದಾ? ಬೋರ್ಡ್ ಬಿಸಿಯಾದಾಗ ಜಾರುತ್ತದಾ? ಕರೆಂಟ್ ಅಷ್ಟೇ ಇಟ್ಟು ಸಪ್ಲೈ ವೋಲ್ಟೇಜ್ ಮಾತ್ರ ಬದಲಿಸಿದರೆ ಕದಲುತ್ತದಾ? ಈ ನಾಲ್ಕು ಪ್ರಶ್ನೆಗೆ ಉತ್ತರ ಸಿಕ್ಕರೆ ದೋಷ ಎಲ್ಲಿದೆ ಅನ್ನುವುದು ಹೆಚ್ಚುಕಡಿಮೆ ಗೊತ್ತಾದ ಹಾಗೆಯೇ.

ಮಾತಿಗೆ ಅನುಕೂಲವಾಗಲಿ ಎಂದು ಒಂದು ಸರ್ಕ್ಯೂಟ್ ಇಟ್ಟುಕೊಳ್ಳೋಣ. 10 ಮಿಲಿಓಮ್ ಶಂಟ್, ಲೋಡ್ ಮತ್ತು ಗ್ರೌಂಡ್ ನಡುವೆ. ಅದರ ಮೇಲಿನ ವೋಲ್ಟೇಜ್ ಎಲ್‌ಎಂ358 ಎಂಬ ಆಪ್‌ಆಂಪ್‌ಗೆ ಹೋಗುತ್ತದೆ. 24 ಕಿಲೋಓಮ್ ಮತ್ತು 1 ಕಿಲೋಓಮ್ ರೆಸಿಸ್ಟರ್ ಹಾಕಿ ನಾನ್-ಇನ್ವರ್ಟಿಂಗ್ ಗೇನ್ 25 ಮಾಡಲಾಗಿದೆ. ಸಪ್ಲೈ 5 ವೋಲ್ಟ್. ಅಂದರೆ ಒಂದು ಆಂಪಿಯರ್‌ಗೆ ಔಟ್‌ಪುಟ್ 250 ಮಿಲಿವೋಲ್ಟ್ ಬರಬೇಕು, 10 ಆಂಪಿಯರ್‌ಗೆ 2.5 ವೋಲ್ಟ್.

ಮೊದಲು ಪೆನ್ನು, ಕಾಗದ

0, 1, 2, 5 ಮತ್ತು 10 ಆಂಪಿಯರ್‌ನಲ್ಲಿ ಔಟ್‌ಪುಟ್ ಅಳೆದು ಬರೆದುಕೊಳ್ಳಿ. ಅಳೆಯುವಾಗ ಎಡಿಸಿ (ವೋಲ್ಟೇಜನ್ನು ಸಂಖ್ಯೆಯಾಗಿಸುವ ಭಾಗ) ಕೊಡುವ ಸಂಖ್ಯೆ ನಂಬಬೇಡಿ. ಆಪ್‌ಆಂಪ್ ಪಿನ್‌ನಲ್ಲೇ ಮಲ್ಟಿಮೀಟರ್ ಇಡಿ. ಎಡಿಸಿಯ ತಪ್ಪು ಬೇರೆ, ಅನಲಾಗ್ ತಪ್ಪು ಬೇರೆ. ಎರಡನ್ನೂ ಒಟ್ಟಿಗೆ ಹುಡುಕಹೊರಟರೆ ಇಡೀ ದಿನ ಹೋಗುತ್ತದೆ.

ಯಾವುದಕ್ಕೆ ಹೋಲಿಸುತ್ತಿದ್ದೀರಿ ಅನ್ನುವುದನ್ನೂ ಒಮ್ಮೆ ನೋಡಿ. ಅಗ್ಗದ ಮಲ್ಟಿಮೀಟರ್‌ನ 10 ಆಂಪಿಯರ್ ರೇಂಜ್ ತಾನೇ ಶೇ 2ರಿಂದ 3ರಷ್ಟು ತಪ್ಪು ಹೇಳಬಹುದು. ಅದಕ್ಕೆ ಹೋಲಿಸಿ ಶೇ 1ರ ತಪ್ಪು ಹುಡುಕುವುದರಲ್ಲಿ ಅರ್ಥವಿಲ್ಲ. ನಂಬಬಹುದಾದ ನಾಲ್ಕು ಕಾಲಿನ (ಕರೆಂಟ್‌ಗೆ ಎರಡು, ಅಳೆಯಲು ಎರಡು) ಶಂಟ್ ಒಂದನ್ನು ಸರಣಿಯಲ್ಲಿ ಹಾಕಿ, ಅದರ ಮೇಲಿನ ಮಿಲಿವೋಲ್ಟ್ ಅಳೆಯುವುದು ಒಳ್ಳೆಯದು. ಮೀಟರ್‌ಗಳು ಕರೆಂಟ್‌ಗಿಂತ ಡಿಸಿ ವೋಲ್ಟೇಜನ್ನು ಸಾಮಾನ್ಯವಾಗಿ ಚೆನ್ನಾಗಿ ಅಳೆಯುತ್ತವೆ.

ಈಗ ಈ ರೀಡಿಂಗ್‌ಗಳು ಬಂದವು ಎಂದುಕೊಳ್ಳಿ:

0 ಆಂಪಿಯರ್: 60 ಮಿಲಿವೋಲ್ಟ್
1 ಆಂಪಿಯರ್: 325 ಮಿಲಿವೋಲ್ಟ್
2 ಆಂಪಿಯರ್: 590 ಮಿಲಿವೋಲ್ಟ್
5 ಆಂಪಿಯರ್: 1385 ಮಿಲಿವೋಲ್ಟ್
10 ಆಂಪಿಯರ್: 2710 ಮಿಲಿವೋಲ್ಟ್

ಶೇಕಡಾ ಲೆಕ್ಕದಲ್ಲಿ ನೋಡಿದರೆ ಇದು ಗೊಂದಲ. ಒಂದು ಆಂಪಿಯರ್‌ನಲ್ಲಿ ಶೇ 30 ಜಾಸ್ತಿ, ಹತ್ತರಲ್ಲಿ ಶೇ 8.4 ಜಾಸ್ತಿ. ಆದರೆ ಒಂದು ರೀಡಿಂಗ್‌ನಿಂದ ಇನ್ನೊಂದನ್ನು ಕಳೆದು ನೋಡಿ. ಪ್ರತಿ ಆಂಪಿಯರ್‌ಗೂ ಸರಿಯಾಗಿ 265 ಮಿಲಿವೋಲ್ಟ್ ಏರುತ್ತಿದೆ. ಅಂದರೆ ಗೆರೆ ನೇರವಾಗಿದೆ. ಅದು 60ರಿಂದ ಶುರುವಾಗುತ್ತದೆ, ಮತ್ತು 250ರ ಬದಲು 265ರ ಸ್ಲೋಪ್‌ನಲ್ಲಿ ಏರುತ್ತದೆ. ಇಲ್ಲಿರುವುದು ಒಂದಲ್ಲ, ಎರಡು ಬೇರೆ ಬೇರೆ ದೋಷ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಒಂದೇ ಗುಣಕ ಹಾಕಿ ಸರಿಮಾಡಲು ಆಗದೇ ಇರುವುದು ಇದಕ್ಕೇ.

ಸೊನ್ನೆಯಲ್ಲೇ ಬರುವ ತಪ್ಪು

ಯಾವ ತಪ್ಪು ಸಿಕ್ಕರೂ ಅದನ್ನು ಮೊದಲು ಇನ್‌ಪುಟ್‌ಗೆ ಇಳಿಸಿ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಔಟ್‌ಪುಟ್‌ನಲ್ಲಿ 60 ಮಿಲಿವೋಲ್ಟ್ ಅಂದರೆ, 25ರಿಂದ ಭಾಗಿಸಿದರೆ, ಇನ್‌ಪುಟ್‌ನಲ್ಲಿ 2.4 ಮಿಲಿವೋಲ್ಟ್. ಈಗ ಎಲ್‌ಎಂ358ರ ಡೇಟಾಶೀಟ್ ತೆಗೆಯಿರಿ. ಸಾಮಾನ್ಯ ದರ್ಜೆಯ ಐಸಿಗೆ ಆಫ್‌ಸೆಟ್ (ಇನ್‌ಪುಟ್‌ನಲ್ಲೇ ಹುಟ್ಟುವ ಸಣ್ಣ ತಪ್ಪು ವೋಲ್ಟೇಜ್) 7 ಮಿಲಿವೋಲ್ಟ್‌ವರೆಗೂ ಇರಬಹುದು ಎಂದು ಅಲ್ಲೇ ಬರೆದಿರುತ್ತದೆ. ಹಾಗಾದರೆ 2.4 ದೋಷವೇ ಅಲ್ಲ, ಆ ಐಸಿಯ ಸ್ವಭಾವ.

ಖಚಿತ ಮಾಡಿಕೊಳ್ಳಲು ಆಪ್‌ಆಂಪ್‌ನ ಪ್ಲಸ್ ಇನ್‌ಪುಟ್‌ಗೆ ಬರುವ ಟ್ರ್ಯಾಕ್ ಬಿಡಿಸಿ. ಪ್ಲಸ್ ಪಿನ್ನನ್ನು 1 ಕಿಲೋಓಮ್ ರೆಸಿಸ್ಟರ್‌ನ ಗ್ರೌಂಡ್ ತುದಿಗೇ ಚಿಕ್ಕ ವೈರ್‌ನಿಂದ ಜೋಡಿಸಿ. 60 ಹಾಗೇ ಉಳಿದರೆ ಅದು ಐಸಿಯದು. ಬಿದ್ದುಹೋದರೆ ತಪ್ಪು ಹೊರಗಿದೆ: ಗ್ರೌಂಡ್‌ನಲ್ಲಿ ಬೇರೆ ಯಾವುದೋ ಕರೆಂಟ್ ಹರಿಯುತ್ತಿದೆ, ಇಲ್ಲವೇ ಆಪ್‌ಆಂಪ್‌ನ ಇನ್‌ಪುಟ್ ಪಿನ್‌ನಲ್ಲಿ ಹರಿಯುವ ಸಣ್ಣ ಬಯಾಸ್ ಕರೆಂಟ್ ದೊಡ್ಡ ರೆಸಿಸ್ಟರ್ ಮೂಲಕ ಹೋಗುತ್ತಿದೆ. ಎಲ್‌ಎಂ358ರ ಬಯಾಸ್ ಕರೆಂಟ್ ಹತ್ತಾರು ನ್ಯಾನೋಆಂಪಿಯರ್. ಫಿಲ್ಟರ್‌ಗೆಂದು 100 ಕಿಲೋಓಮ್ ಹಾಕಿದ್ದರೆ, 40 ನ್ಯಾನೋಆಂಪಿಯರ್‌ಗೇ 4 ಮಿಲಿವೋಲ್ಟ್ ಆಗಿಬಿಡುತ್ತದೆ. ಆ ರೆಸಿಸ್ಟರನ್ನು 1 ಕಿಲೋಓಮ್‌ಗೆ ಇಳಿಸಿ, ಕೆಪಾಸಿಟರ್ ದೊಡ್ಡದು ಮಾಡಿ.

ಐಸಿಯದೇ ಆಫ್‌ಸೆಟ್ ಆಗಿದ್ದರೆ ಅದು ನಿಮಗೆ ಮುಖ್ಯವೋ ಇಲ್ಲವೋ ಎಂದು ನಿರ್ಧರಿಸಿ. 2.4 ಮಿಲಿವೋಲ್ಟ್ ಅಂದರೆ ಈ ಶಂಟ್‌ನಲ್ಲಿ 0.24 ಆಂಪಿಯರ್. ಓವರ್‌ಲೋಡ್ ಆದಾಗ ಟ್ರಿಪ್ ಮಾಡುವುದಷ್ಟೇ ಕೆಲಸವಾದರೆ ಸಾಕು. ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಉಳಿದಿದೆ ಎಂದು ಲೆಕ್ಕ ಹಾಕಬೇಕಾದರೆ ಖಂಡಿತ ಸಾಲದು. ಆಗ ಶೂನ್ಯ-ಡ್ರಿಫ್ಟ್ ಜಾತಿಯ, ಅಂದರೆ ಆಫ್‌ಸೆಟನ್ನು ತಾನೇ ತಿದ್ದಿಕೊಳ್ಳುವ ಆಪ್‌ಆಂಪ್ ಬೇಕು. ಅಂಥದ್ದೇ ಒಂದಾದ ಒಪಿಎ333ರ ಆಫ್‌ಸೆಟ್ ಗರಿಷ್ಠ 10 ಮೈಕ್ರೋವೋಲ್ಟ್. ಈ ಶಂಟ್‌ನಲ್ಲಿ ಅದು ಒಂದು ಮಿಲಿಆಂಪಿಯರ್‌ಗೆ ಸಮ. ಶಂಟ್ ದೊಡ್ಡದು ಮಾಡಿ ಸಿಗ್ನಲ್ ಹೆಚ್ಚಿಸುವುದು ಇನ್ನೊಂದು ದಾರಿ. ಆದರೆ ಅಷ್ಟೇ ಶಾಖವೂ ಹೆಚ್ಚುತ್ತದೆ. ನನ್ನ ಮಟ್ಟಿಗೆ ಶಂಟ್ ಚಿಕ್ಕದಾಗಿಯೇ ಇಟ್ಟು ಒಳ್ಳೆಯ ಆಪ್‌ಆಂಪ್ ಹಾಕುವುದೇ ಸರಿ.

ಇನ್ನೊಂದು ವಿಷಯ ಇಲ್ಲಿ ತುಂಬ ಜನರನ್ನು ದಾರಿ ತಪ್ಪಿಸುತ್ತದೆ. ಆಫ್‌ಸೆಟ್ ಮೈನಸ್ ಕಡೆಗಿದ್ದರೆ ಸೊನ್ನೆ ಆಂಪಿಯರ್‌ನಲ್ಲಿ ಔಟ್‌ಪುಟ್ ಚೆನ್ನಾಗಿ ಸೊನ್ನೆಯ ಹತ್ತಿರವೇ ಕಾಣುತ್ತದೆ. ಆಫ್‌ಸೆಟ್ ಇಲ್ಲ ಅನ್ನಿಸುತ್ತದೆ. ನಿಜದಲ್ಲಿ ಔಟ್‌ಪುಟ್ ಮೈನಸ್‌ಗೆ ಹೋಗಲಾರದೆ ನೆಲಕ್ಕೆ ಅಂಟಿಕೊಂಡಿರುತ್ತದೆ. ಕರೆಂಟ್ ಕಾಲು ಆಂಪಿಯರ್ ದಾಟುವವರೆಗೂ ಅದು ಅಲುಗುವುದೇ ಇಲ್ಲ. ಆದ್ದರಿಂದ ಸೊನ್ನೆಯ ರೀಡಿಂಗ್ ಒಂದನ್ನೇ ನಂಬಬೇಡಿ. 1 ಮತ್ತು 2 ಆಂಪಿಯರ್‌ನ ರೀಡಿಂಗ್ ಹಿಡಿದು ಗೆರೆಯನ್ನು ಹಿಂದಕ್ಕೆ ಎಳೆಯಿರಿ. ಅದು ಸೊನ್ನೆಯಲ್ಲಿ ಎಲ್ಲಿ ಸೇರುತ್ತದೋ ಅದೇ ನಿಜವಾದ ಆಫ್‌ಸೆಟ್. ರೈಲ್-ಟು-ರೈಲ್ (ಗ್ರೌಂಡ್‌ನಿಂದ ಸಪ್ಲೈವರೆಗೆ) ಎಂದು ಬರೆದ ಆಪ್‌ಆಂಪ್ ಕೂಡ ಗ್ರೌಂಡ್‌ವರೆಗೆ ಪೂರ್ತಿ ಇಳಿಯುವುದಿಲ್ಲ, ಕೆಲವು ಮಿಲಿವೋಲ್ಟ್ ಉಳಿಸಿಕೊಳ್ಳುತ್ತದೆ. ಸಣ್ಣ ಕರೆಂಟ್ ಅಳೆಯಲೇಬೇಕಾದರೆ ಔಟ್‌ಪುಟ್ ಅನ್ನು ಬೇಕೆಂದೇ 100 ಅಥವಾ 200 ಮಿಲಿವೋಲ್ಟ್ ಮೇಲೆತ್ತಿ ಇಟ್ಟು, ಆಮೇಲೆ ಸಾಫ್ಟ್‌ವೇರ್‌ನಲ್ಲಿ ಕಳೆಯಿರಿ.

ಮೇಲಿನ ತುದಿಯಲ್ಲೂ ಇದೇ ಕಥೆ. 5 ವೋಲ್ಟ್ ಸಪ್ಲೈ ಇದ್ದರೆ ಎಲ್‌ಎಂ358 ಸುಮಾರು 3.5 ವೋಲ್ಟ್‌ಗೆ ನಿಂತುಬಿಡುತ್ತದೆ. ಗೆರೆ ಒಂದು ಕಡೆ ಇದ್ದಕ್ಕಿದ್ದಂತೆ ಚಪ್ಪಟೆಯಾದರೆ ಬೇರೆ ಕಾರಣ ಹುಡುಕಬೇಡಿ. ಟಿಎಲ್072 ಎಂಬ ಆಪ್‌ಆಂಪ್ ಹಾಕಿ ಒಂದೇ ಸಪ್ಲೈನಲ್ಲಿ ಲೋ-ಸೈಡ್ (ಇಲ್ಲಿಯಂತೆ ಶಂಟ್ ಗ್ರೌಂಡ್ ಕಡೆ ಇರುವುದು) ಅಳೆಯಲು ಹೊರಟಿದ್ದರೆ ಅದು ನಡೆಯುವುದಿಲ್ಲ. ಅದರ ಇನ್‌ಪುಟ್ ಗ್ರೌಂಡ್ ಮಟ್ಟದಲ್ಲಿ ಕೆಲಸ ಮಾಡುವುದಿಲ್ಲ.

ಸ್ಲೋಪ್ ತಪ್ಪಿದ್ದರೆ ತಾಮ್ರ ನೋಡಿ

ಇನ್ನು 250ರ ಬದಲು 265 ಬಂದಿದ್ದರ ವಿಚಾರ. ಶೇ 6 ಜಾಸ್ತಿ. ಶಂಟ್ ಶೇ 1, ಎರಡು ಗೇನ್ ರೆಸಿಸ್ಟರ್ ತಲಾ ಶೇ 1 ಟಾಲರೆನ್ಸ್ ಇದ್ದರೆ, ಮೂರೂ ಒಂದೇ ದಿಕ್ಕಿಗೆ ಕೆಟ್ಟರೂ ಒಟ್ಟು ಶೇ 3ರ ಆಸುಪಾಸು. ಶೇ 6 ಅದಕ್ಕೆ ಮೀರಿದ್ದು. ಹಾಗಾದರೆ ಸರ್ಕ್ಯೂಟ್ ಡ್ರಾಯಿಂಗ್‌ನಲ್ಲಿ ಇಲ್ಲದ ಯಾವುದೋ ರೆಸಿಸ್ಟರ್ ಬೋರ್ಡ್ ಮೇಲಿದೆ ಎಂದಾಯಿತು. 10 ಮಿಲಿಓಮ್ ಬದಲು ಆಪ್‌ಆಂಪ್‌ಗೆ 10.6 ಮಿಲಿಓಮ್ ಕಾಣುತ್ತಿದೆ. ಈ 0.6 ಎಲ್ಲಿಂದ ಬಂತು?

ಸಾಮಾನ್ಯ ಬೋರ್ಡ್‌ನ ತಾಮ್ರದ ದಪ್ಪ 35 ಮೈಕ್ರೋಮೀಟರ್. ಅಷ್ಟು ದಪ್ಪದ ತಾಮ್ರದಲ್ಲಿ ಉದ್ದ ಅಗಲ ಸಮ ಇರುವ ಒಂದು ಚೌಕದ ರೆಸಿಸ್ಟೆನ್ಸ್ ಸುಮಾರು 0.5 ಮಿಲಿಓಮ್. ಚೌಕ ದೊಡ್ಡದೋ ಚಿಕ್ಕದೋ, ಲೆಕ್ಕ ಒಂದೇ. ಅಂದರೆ ಶಂಟ್ ಪ್ಯಾಡ್‌ನಿಂದ ಟ್ರ್ಯಾಕಿನ ಅಗಲದಷ್ಟೇ ದೂರ ಹೋಗಿ ಅಲ್ಲಿಂದ ಸೆನ್ಸ್ ವೈರ್ ತೆಗೆದರೂ ಸಾಕು, ಶೇ 5 ತಪ್ಪು ಸಿದ್ಧ. ಶಂಟ್ ದುಬಾರಿಯದೋ ಅಗ್ಗದ್ದೋ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಪರೀಕ್ಷೆ ಸುಲಭ. 5 ಆಂಪಿಯರ್ ಹರಿಸಿ. ಮಲ್ಟಿಮೀಟರನ್ನು 200 ಮಿಲಿವೋಲ್ಟ್ ರೇಂಜ್‌ಗೆ ಇಡಿ. ಚೂಪಾದ ಪ್ರೋಬ್ ತುದಿಗಳನ್ನು ಮೊದಲು ಶಂಟ್‌ನ ಎರಡು ಲೋಹದ ತುದಿಗಳ ಮೇಲೇ ಒತ್ತಿ ಹಿಡಿಯಿರಿ. ಸೋಲ್ಡರ್ ಮೇಲಲ್ಲ, ಲೋಹದ ಮೇಲೆ. 50.0 ತೋರಿಸಿತು ಎಂದುಕೊಳ್ಳಿ. ಈಗ ಪ್ರೋಬ್‌ಗಳನ್ನು ಆಪ್‌ಆಂಪ್‌ನ ಪ್ಲಸ್ ಪಿನ್ ಮತ್ತು 1 ಕಿಲೋಓಮ್ ರೆಸಿಸ್ಟರ್‌ನ ಗ್ರೌಂಡ್ ತುದಿಗೆ ತನ್ನಿ. ಅಲ್ಲಿ 53.0. ಈ 3 ಮಿಲಿವೋಲ್ಟ್ ಸಿಕ್ಕಿತಲ್ವಾ, ಇನ್ನು ಬಿಡಬೇಡಿ. ಒಂದು ಪ್ರೋಬ್ ಶಂಟ್‌ನ ಲೋಹದ ತುದಿಯಲ್ಲೇ ಇರಲಿ. ಇನ್ನೊಂದನ್ನು ಅದೇ ಕಡೆಯ ತಾಮ್ರದ ಮೇಲೆ ನಿಧಾನವಾಗಿ ಸರಿಸುತ್ತಾ ಹೋಗಿ. ಸೋಲ್ಡರ್ ದಾಟಿದಾಗ 0.2, ಪ್ಯಾಡ್ ಅಂಚಿನಲ್ಲಿ 0.4, ಟ್ರ್ಯಾಕ್ ತಿರುಗುವಲ್ಲಿ 1.5, ಹೀಗೆ ಏರುವುದು ಕಣ್ಣಿಗೇ ಕಾಣುತ್ತದೆ. ಎರಡೂ ಕಡೆ ಹೀಗೆ ಮಾಡಿದರೆ ಕದ್ದು ಕೂತಿದ್ದ ಅಷ್ಟೂ ಮಿಲಿವೋಲ್ಟ್‌ನ ಲೆಕ್ಕ ಸಿಗುತ್ತದೆ.

ಹೆಚ್ಚಿನ ಸಲ ತಪ್ಪಿರುವುದು ಗ್ರೌಂಡ್ ಕಡೆ. ಪ್ಲಸ್ ಕಡೆಯ ಸೆನ್ಸ್ ಟ್ರ್ಯಾಕನ್ನು ಎಲ್ಲರೂ ಜೋಪಾನವಾಗಿ ಎಳೆಯುತ್ತಾರೆ. 1 ಕಿಲೋಓಮ್ ರೆಸಿಸ್ಟರ್‌ನ ಇನ್ನೊಂದು ತುದಿಗೆ ಮಾತ್ರ ಸುಮ್ನೆ ಗ್ರೌಂಡ್ ಚಿಹ್ನೆ ಹಾಕಿಬಿಡುತ್ತಾರೆ. ಬೋರ್ಡ್ ಸಾಫ್ಟ್‌ವೇರ್ ಅದನ್ನು ಹತ್ತಿರದ ಯಾವುದೋ ಗ್ರೌಂಡ್‌ಗೆ ಸೇರಿಸುತ್ತದೆ. ಆ ಜಾಗಕ್ಕೂ ಶಂಟ್‌ನ ಗ್ರೌಂಡ್ ತುದಿಗೂ ನಡುವೆ 10 ಆಂಪಿಯರ್ ಹರಿಯುತ್ತಿದ್ದರೆ, ಆ ತಾಮ್ರವೂ ಶಂಟ್‌ನ ಭಾಗವೇ ಆಗುತ್ತದೆ. ಆ ರೆಸಿಸ್ಟರ್‌ನ ತುದಿ ಶಂಟ್‌ನ ಗ್ರೌಂಡ್ ಪ್ಯಾಡ್‌ಗೇ ನೇರವಾಗಿ, ತನ್ನದೇ ಟ್ರ್ಯಾಕ್‌ನಲ್ಲಿ ಹೋಗಬೇಕು. ಇದನ್ನು ಕೆಲ್ವಿನ್ ಸಂಪರ್ಕ ಎನ್ನುತ್ತಾರೆ. ಕರೆಂಟ್ ಹೋಗುವ ದಾರಿ ಬೇರೆ, ಅಳೆಯುವ ದಾರಿ ಬೇರೆ. ಅಳೆಯುವ ಟ್ರ್ಯಾಕ್‌ಗಳು ಪ್ಯಾಡ್‌ನ ಒಳ ಅಂಚಿನಿಂದ, ಅಂದರೆ ಶಂಟ್‌ನ ಹೊಟ್ಟೆಯ ಕಡೆಯಿಂದ ಹೊರಡಬೇಕು.

ಹೊಸ ಬೋರ್ಡ್ ಮಾಡಿಸುವ ಮೊದಲು ಇದೇ ಕಾರಣ ಎಂದು ಖಾತ್ರಿ ಮಾಡಿಕೊಳ್ಳಬಹುದು. ಹಳೆಯ ಸೆನ್ಸ್ ಟ್ರ್ಯಾಕ್‌ಗಳನ್ನು ಬ್ಲೇಡ್‌ನಿಂದ ಕತ್ತರಿಸಿ. ಎನಾಮಲ್ ಲೇಪದ ಎರಡು ತೆಳು ತಂತಿಗಳನ್ನು ಶಂಟ್ ತುದಿಯ ಒಳ ಅಂಚಿಗೆ ಬೆಸೆದು, ಒಂದಕ್ಕೊಂದು ಹೊಸೆದು ಆಪ್‌ಆಂಪ್‌ವರೆಗೆ ತನ್ನಿ. ಸ್ಲೋಪ್ 250ರ ಹತ್ತಿರ ಇಳಿದರೆ ಉತ್ತರ ಸಿಕ್ಕಿತು.

ಬಿಸಿಯಾದಂತೆ ಜಾರುವ ರೀಡಿಂಗ್

10 ಆಂಪಿಯರ್ ಕೊಟ್ಟ ತಕ್ಷಣ 2710, ಕೆಲವು ನಿಮಿಷ ಬಿಟ್ಟರೆ 2734. ಕರೆಂಟ್ ಬದಲಾಗಿಲ್ಲ. ಇಲ್ಲೂ ಮೊದಲ ಅನುಮಾನ ತಾಮ್ರದ ಮೇಲೆಯೇ ಇರಲಿ. ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ಶೇ 0.39ರಷ್ಟು ಏರುತ್ತದೆ. ಮೇಲೆ ಕಂಡ 0.6 ಮಿಲಿಓಮ್ ತಾಮ್ರ 40 ಡಿಗ್ರಿ ಬಿಸಿಯಾದರೆ ಸುಮಾರು 0.1 ಮಿಲಿಓಮ್ ಹೆಚ್ಚಾಗುತ್ತದೆ. 10 ಆಂಪಿಯರ್‌ಗೆ ಅದು 1 ಮಿಲಿವೋಲ್ಟ್, ಗೇನ್ ಸೇರಿಸಿದರೆ ಔಟ್‌ಪುಟ್‌ನಲ್ಲಿ 23-25. ಲೆಕ್ಕ ಕೂಡಿತು. ಕೆಲ್ವಿನ್ ತಪ್ಪನ್ನು ಗುಣಕ ಹಾಕಿ ಮುಚ್ಚಬಾರದು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಮುಚ್ಚಿದರೂ ಅದು ಬಿಸಿಯಾದಾಗ ಮತ್ತೆ ಹೊರಗೆ ಬರುತ್ತದೆ.

ಸೆನ್ಸ್ ಸಂಪರ್ಕ ಸರಿ ಇದ್ದೂ ಜಾರುತ್ತಿದ್ದರೆ ಶಂಟ್ ಕಡೆ ತಿರುಗಿ. 10 ಆಂಪಿಯರ್‌ನಲ್ಲಿ ಅದು 1 ವ್ಯಾಟ್ ಸುಡುತ್ತಿದೆ. 1 ವ್ಯಾಟ್ ಎಂದು ಬರೆದ ಶಂಟ್‌ಗೆ ಇದು ಮಿತಿಯ ಅಂಚು. 2 ಅಥವಾ 3 ವ್ಯಾಟ್‌ನದು ಹಾಕಿ. ಅದರ ಟೆಂಪರೇಚರ್ ಕೋಎಫಿಷಿಯೆಂಟ್ ಡಿಗ್ರಿಗೆ 50 ಪಿಪಿಎಂ (ಹತ್ತು ಲಕ್ಷದಲ್ಲಿ 50 ಭಾಗ) ಇದ್ದರೆ 80 ಡಿಗ್ರಿ ಏರಿದಾಗ ಶೇ 0.4 ತಪ್ಪು. 600 ಪಿಪಿಎಂ ಇರುವ ಥಿಕ್-ಫಿಲ್ಮ್ ಭಾಗವಾದರೆ ಅದೇ ಏರಿಕೆಗೆ ಶೇ 4.8.

ಬಿಸಿಯ ತಪ್ಪಿಗೆ ಇನ್ನೊಂದು ಮುಖವಿದೆ. ಚೆನ್ನಾಗಿ ಬಿಸಿಯಾದ ಮೇಲೆ ಕರೆಂಟ್ ಒಮ್ಮೆಲೇ ಕಡಿದು ನೋಡಿ. ಔಟ್‌ಪುಟ್ ತಕ್ಷಣ ತನ್ನ ಸೊನ್ನೆಗೆ ಬರದೆ ನಿಧಾನವಾಗಿ ಇಳಿಯುತ್ತಿದ್ದರೆ ಅದು ರೆಸಿಸ್ಟೆನ್ಸ್ ಬದಲಾವಣೆ ಅಲ್ಲ. ಕರೆಂಟೇ ಇಲ್ಲದಿರುವಾಗ ರೆಸಿಸ್ಟೆನ್ಸ್ ಎಷ್ಟಿದ್ದರೇನು? ಇದು ಆಪ್‌ಆಂಪ್‌ನ ಆಫ್‌ಸೆಟ್ ಡ್ರಿಫ್ಟ್ ಅಥವಾ ಥರ್ಮೋಕಪಲ್ ವೋಲ್ಟೇಜ್. ತಾಮ್ರ ಮತ್ತು ಕೆಲವು ಶಂಟ್‌ಗಳಲ್ಲಿರುವ ಕಾನ್‌ಸ್ಟಾಂಟನ್ ಎಂಬ ಮಿಶ್ರಲೋಹ ಸೇರುವಲ್ಲಿ ಡಿಗ್ರಿಗೆ ಸುಮಾರು 40 ಮೈಕ್ರೋವೋಲ್ಟ್ ಹುಟ್ಟುತ್ತದೆ. ಶಂಟ್‌ನ ಒಂದು ತುದಿ ಇನ್ನೊಂದಕ್ಕಿಂತ 5 ಡಿಗ್ರಿ ಜಾಸ್ತಿ ಬಿಸಿ ಇದ್ದರೆ 200 ಮೈಕ್ರೋವೋಲ್ಟ್, ಅಂದರೆ 20 ಮಿಲಿಆಂಪಿಯರ್ ಸುಳ್ಳು ಕರೆಂಟ್. ಕೂಲಿಂಗ್ ಸ್ಪ್ರೇಯನ್ನು ಶಂಟ್‌ನ ಒಂದು ತುದಿಗೆ ಹೊಡೆಯಿರಿ, ಆಮೇಲೆ ಇನ್ನೊಂದಕ್ಕೆ. ರೀಡಿಂಗ್ ಒಂದು ಸಲ ಮೇಲೆ, ಇನ್ನೊಂದು ಸಲ ಕೆಳಗೆ ಹೋದರೆ ಥರ್ಮೋಕಪಲ್ ಖಚಿತ. ಮ್ಯಾಂಗನಿನ್ ಶಂಟ್ ಹಾಕಿದರೆ ಇದು ತುಂಬ ಕಡಿಮೆಯಾಗುತ್ತದೆ. ಬಿಸಿಯಾಗುವ ಮಾಸ್‌ಫೆಟ್ ಶಂಟ್‌ನ ಒಂದೇ ತುದಿಗೆ ಅಂಟಿಕೊಂಡಂತೆ ಇದ್ದರೆ ಅದನ್ನು ದೂರ ಇಡಿ.

ಹೈ-ಸೈಡ್‌ನಲ್ಲಿ ಕಾಡುವ ನಾಲ್ಕು ರೆಸಿಸ್ಟರ್

ಶಂಟ್ ಸಪ್ಲೈ ಕಡೆ ಇದ್ದರೆ ಒಂದು ಪರೀಕ್ಷೆ ಎಲ್ಲಕ್ಕಿಂತ ಮೊದಲು ಮಾಡಿ. ಲೋಡ್ ಪೂರ್ತಿ ಬಿಡಿಸಿ. ಸಪ್ಲೈಯನ್ನು 12 ವೋಲ್ಟ್‌ನಿಂದ 24ಕ್ಕೆ ಏರಿಸಿ. ಕರೆಂಟ್ ಸೊನ್ನೆ, ಹಾಗಾಗಿ ಔಟ್‌ಪುಟ್ ಕದಲಬಾರದು. ಕದಲಿದರೆ ಕಾಮನ್ ಮೋಡ್ ತಪ್ಪು, ಅಂದರೆ ಎರಡೂ ಇನ್‌ಪುಟ್‌ಗೆ ಸಮನಾಗಿ ಬರುವ ವೋಲ್ಟೇಜ್ ಔಟ್‌ಪುಟ್‌ಗೆ ಸೋರುತ್ತಿದೆ.

ನಾಲ್ಕು ರೆಸಿಸ್ಟರ್‌ನ ಡಿಫರೆನ್ಸ್ ಆಂಪ್ಲಿಫೈಯರ್‌ನಲ್ಲಿ (ಶಂಟ್‌ನ ಎರಡು ತುದಿಗಳ ವ್ಯತ್ಯಾಸ ಮಾತ್ರ ಹಿಗ್ಗಿಸುವ ಸರ್ಕ್ಯೂಟ್) ಇದು ಬಹುತೇಕ ರೆಸಿಸ್ಟರ್‌ಗಳ ಹೊಂದಾಣಿಕೆಯದೇ ಸಮಸ್ಯೆ. ಅತಿ ಕೆಟ್ಟ ಸಂದರ್ಭದಲ್ಲಿ ಇನ್‌ಪುಟ್‌ಗೆ ಇಳಿಸಿದ ತಪ್ಪು ಹೀಗೆ: ಕಾಮನ್ ಮೋಡ್ ವೋಲ್ಟೇಜ್ ಗುಣಿಸು ಟಾಲರೆನ್ಸ್‌ನ ನಾಲ್ಕು ಪಟ್ಟು, ಭಾಗಿಸು ಒಂದು ಪ್ಲಸ್ ಗೇನ್. ಶೇ 1 ರೆಸಿಸ್ಟರ್, ಗೇನ್ 20, ಸಪ್ಲೈ 24 ವೋಲ್ಟ್ ಹಾಕಿ ನೋಡಿ. ಸುಮಾರು 46 ಮಿಲಿವೋಲ್ಟ್ ಬರುತ್ತದೆ. ಪೂರ್ಣ ಸಿಗ್ನಲೇ 100 ಮಿಲಿವೋಲ್ಟ್ ಇರುವಾಗ 46 ತಪ್ಪು! ಆಪ್‌ಆಂಪ್ ಎಷ್ಟೇ ಒಳ್ಳೆಯದಿದ್ದರೂ ಇದನ್ನು ಸರಿಮಾಡಲಾರದು. ಶೇ 0.1 ಹಾಕಿದರೂ 4.6 ಉಳಿಯುತ್ತದೆ. ಸಾಲದ್ದಕ್ಕೆ ಆಪ್‌ಆಂಪ್‌ನ ಇನ್‌ಪುಟ್ ಪಿನ್ ಮೇಲೇ ಸುಮಾರು 23 ವೋಲ್ಟ್ ಕೂತಿರುತ್ತದೆ. 5 ವೋಲ್ಟ್‌ನ ಐಸಿ ಅಲ್ಲಿ ಬದುಕುವುದಿಲ್ಲ.

ಇಲ್ಲಿ ನನ್ನ ಸಲಹೆ ನೇರವಾದದ್ದು. ಬಿಡಿ ರೆಸಿಸ್ಟರ್ ಬಿಟ್ಟು, ರೆಸಿಸ್ಟರ್ ಒಳಗೇ ಟ್ರಿಮ್ ಆಗಿರುವ ಕರೆಂಟ್ ಸೆನ್ಸ್ ಆಂಪ್ಲಿಫೈಯರ್ ಹಾಕಿ. ಐಎನ್‌ಎ180 26 ವೋಲ್ಟ್‌ವರೆಗೆ, ಐಎನ್‌ಎ240 80 ವೋಲ್ಟ್‌ವರೆಗೆ ತಡೆಯುತ್ತದೆ. ಆದರೆ ಇವುಗಳ ಮುಂದೆ ಫಿಲ್ಟರ್‌ಗೆಂದು ದೊಡ್ಡ ರೆಸಿಸ್ಟರ್ ಸೇರಿಸಬೇಡಿ. ಆ ರೆಸಿಸ್ಟರ್ ಒಳಗಿನ ರೆಸಿಸ್ಟರ್ ಜೊತೆ ಸೇರಿ ಗೇನ್ ಕೆಡಿಸುತ್ತದೆ. 10 ಓಮ್ ಒಳಗೇ ಇರಲಿ.

ಒಂದು ಎಚ್ಚರಿಕೆ. ಹೈ-ಸೈಡ್ ಶಂಟ್ ಮೇಲೆ ಆಸಿಲೋಸ್ಕೋಪ್‌ನ ಗ್ರೌಂಡ್ ಕ್ಲಿಪ್ ಹಾಕಬೇಡಿ. ಆ ಕ್ಲಿಪ್ ಅರ್ಥ್‌ಗೆ ಸೇರಿರುತ್ತದೆ. ಸಪ್ಲೈಯ ಮೈನಸ್ ಕೂಡ ಅರ್ಥ್ ಆಗಿದ್ದರೆ ನೇರ ಶಾರ್ಟ್. ಡಿಫರೆನ್ಷಿಯಲ್ ಪ್ರೋಬ್ ಬಳಸಿ. ಅದು ಇಲ್ಲದಿದ್ದರೆ ಎರಡು ಚಾನೆಲ್‌ನ ವ್ಯತ್ಯಾಸ ನೋಡಿ.

ಪಿಡಬ್ಲ್ಯುಎಂ ಇದ್ದಾಗ ಮಾತ್ರ ಬರುವ ತಪ್ಪು

ಡಿಸಿಯಲ್ಲಿ ಸರಿ, ಪಿಡಬ್ಲ್ಯುಎಂನಲ್ಲಿ (ಕರೆಂಟನ್ನು ವೇಗವಾಗಿ ಆನ್-ಆಫ್ ಮಾಡುವ ವಿಧಾನ) ಮೋಟಾರ್ ಓಡಿದರೆ ತಪ್ಪು. ಮೊದಲು ಆಪ್‌ಆಂಪ್‌ನ ವೇಗ ನೋಡಿ. ಎಲ್‌ಎಂ358ರ ಸ್ಲ್ಯೂ ರೇಟ್ (ಔಟ್‌ಪುಟ್ ಬದಲಾಗಬಲ್ಲ ಗರಿಷ್ಠ ವೇಗ) ಮೈಕ್ರೋಸೆಕೆಂಡಿಗೆ ಸುಮಾರು 0.3 ವೋಲ್ಟ್. 2.5 ವೋಲ್ಟ್ ಏರಲು 8 ಮೈಕ್ರೋಸೆಕೆಂಡ್ ಬೇಕು. 20 ಕಿಲೋಹರ್ಟ್ಜ್‌ನಲ್ಲಿ ಡ್ಯೂಟಿ (ಆನ್ ಇರುವ ಸಮಯದ ಪಾಲು) ಶೇ 10 ಇದ್ದರೆ ಕರೆಂಟ್ ಇರುವುದೇ 5 ಮೈಕ್ರೋಸೆಕೆಂಡ್. ಔಟ್‌ಪುಟ್ ಮೇಲಕ್ಕೆ ಮುಟ್ಟುವ ಮೊದಲೇ ಇಳಿಯಲು ಶುರು. ಡ್ಯೂಟಿ ಕಡಿಮೆ ಇದ್ದಾಗ ಮಾತ್ರ ರೀಡಿಂಗ್ ಕಡಿಮೆ ಬಂದರೆ ಇದೇ ಗುರುತು.

ಇನ್ನೊಂದು, ಶಂಟ್‌ನ ಇಂಡಕ್ಟೆನ್ಸ್. 3 ನ್ಯಾನೋಹೆನ್ರಿ ಅಂದರೆ ಏನೂ ಅಲ್ಲ ಅನ್ನಿಸಬಹುದು. ಕರೆಂಟ್ ಮೈಕ್ರೋಸೆಕೆಂಡಿಗೆ 100 ಆಂಪಿಯರ್ ವೇಗದಲ್ಲಿ ಬದಲಾದರೆ ಅದರ ಮೇಲೆ 0.3 ವೋಲ್ಟ್ ಸ್ಪೈಕ್ ಬರುತ್ತದೆ. ಪೂರ್ಣ ಸಿಗ್ನಲ್‌ನ ಮೂರು ಪಟ್ಟು! ಆಪ್‌ಆಂಪ್ ಮುಂದೆ ಆರ್‌ಸಿ ಫಿಲ್ಟರ್ ಹಾಕಿ, ಅದರ ಟೈಮ್ ಕಾನ್‌ಸ್ಟಂಟ್ ಶಂಟ್‌ನ ಇಂಡಕ್ಟೆನ್ಸನ್ನು ರೆಸಿಸ್ಟೆನ್ಸ್‌ನಿಂದ ಭಾಗಿಸಿದಷ್ಟು ಇರಲಿ. ಇಲ್ಲಿ ಅದು 0.3 ಮೈಕ್ರೋಸೆಕೆಂಡ್. ಎರಡು ಕಡೆ 10 ಓಮ್, ನಡುವೆ 15 ನ್ಯಾನೋಫ್ಯಾರಡ್ ಹಾಕಿದರೆ ಸರಿಹೋಗುತ್ತದೆ. ಹೀಗೆ ಮಾಡಿದಾಗ ಸ್ಪೈಕ್ ಸಾಯುತ್ತದೆ, ನಿಜವಾದ ಕರೆಂಟ್‌ನ ಆಕಾರ ಉಳಿಯುತ್ತದೆ. ಎಡಿಸಿ ಸ್ಯಾಂಪಲ್ ತೆಗೆಯುವ ಹೊತ್ತನ್ನು ಸ್ವಿಚಿಂಗ್ ಅಂಚಿನಿಂದ ದೂರ, ಪಲ್ಸ್‌ನ ನಡುವೆ ಇಡಿ.

ರೀಡಿಂಗ್ ಸುಮ್ಮಸುಮ್ಮನೆ ಅಲುಗಾಡುತ್ತಿದ್ದರೆ, ಅಥವಾ ಕೈ ಹತ್ತಿರ ತಂದರೆ ಬದಲಾದರೆ, ಸ್ಕೋಪ್‌ನಲ್ಲಿ ಔಟ್‌ಪುಟ್ ನೋಡಿ. ಔಟ್‌ಪುಟ್ ಪಿನ್‌ಗೆ ನೇರವಾಗಿ 100 ನ್ಯಾನೋಫ್ಯಾರಡ್ ಕಟ್ಟಿದ್ದರೆ ಆಪ್‌ಆಂಪ್ ಆಸಿಲೇಟ್ ಆಗುತ್ತಿರಬಹುದು. ಮಲ್ಟಿಮೀಟರ್ ಅದನ್ನು ತೋರಿಸದು, ಸರಾಸರಿ ಮಾತ್ರ ಹೇಳುತ್ತದೆ. ಪಿನ್ ಮತ್ತು ಕೆಪಾಸಿಟರ್ ನಡುವೆ 100 ಓಮ್ ಹಾಕಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಪಿನ್‌ನಲ್ಲಿ ವೋಲ್ಟೇಜ್ ಸರಿ ಇದ್ದು ಎಡಿಸಿ ಸಂಖ್ಯೆ ಮಾತ್ರ ತಪ್ಪಿದ್ದರೆ ಎಡಿಸಿ ಹೋಲಿಕೆಗೆ ಬಳಸುವ ರೆಫರೆನ್ಸ್ ವೋಲ್ಟೇಜ್ ಅಳೆಯಿರಿ. 3.3 ವೋಲ್ಟ್ ಸಪ್ಲೈಯನ್ನೇ ರೆಫರೆನ್ಸ್ ಮಾಡಿಕೊಂಡಿದ್ದರೆ, ಅದು ಶೇ 1 ಕುಸಿದಾಗ ರೀಡಿಂಗ್ ಶೇ 1 ಏರುತ್ತದೆ.

ಕ್ಯಾಲಿಬ್ರೇಶನ್ ಕೊನೆಗೆ

ಇಷ್ಟೆಲ್ಲ ಆದ ಮೇಲೆ ಉಳಿಯುವುದು ಭಾಗಗಳ ಟಾಲರೆನ್ಸ್ ಮಾತ್ರ. ಅದನ್ನು ತಿದ್ದಲು ಎರಡು ಬಿಂದು ಸಾಕು: ಒಂದು 1 ಆಂಪಿಯರ್‌ನಲ್ಲಿ, ಇನ್ನೊಂದು 8 ಅಥವಾ 9ರಲ್ಲಿ. ಸೊನ್ನೆಯಲ್ಲಿ ಮತ್ತು ತುತ್ತತುದಿಯಲ್ಲಿ ಬೇಡ, ಅಲ್ಲಿ ಔಟ್‌ಪುಟ್ ಅಂಟಿಕೊಂಡಿರಬಹುದು. ಬೋರ್ಡ್ ತಣ್ಣಗಿದ್ದಾಗ ಒಮ್ಮೆ, ಪೂರ್ತಿ ಬಿಸಿಯಾದ ಮೇಲೆ ಇನ್ನೊಮ್ಮೆ ತೆಗೆಯಿರಿ. ಎರಡು ಸಲವೂ ಹೆಚ್ಚುಕಡಿಮೆ ಒಂದೇ ಗುಣಕ ಬಂದರೆ ಅದನ್ನು ಮೆಮೊರಿಗೆ ಬರೆಯಿರಿ. ಗೇನ್ ತಿದ್ದುಪಡಿ ಶೇ 3 ದಾಟಿದ ಬೋರ್ಡ್‌ಗೆ ಮಾತ್ರ ಗುಣಕ ಬರೆಯಬೇಡಿ. ಅದನ್ನು ಪಕ್ಕಕ್ಕಿಡಿ, 5 ಆಂಪಿಯರ್ ಹರಿಸಿ, ಶಂಟ್‌ನ ಲೋಹದ ಮೇಲೆ ಮತ್ತೆ ಪ್ರೋಬ್ ಇಡಿ.